ಬುರ್ಹಾನುದ್ದೀನ್ ಮಡಚಿದ ಎದೆಗೂಡು

ರಾಯಚೂರಿನ ತೀನ್ ಕಂದೀಲ್ ಚೌಕದಿಂದ ಒಳಗೆ ಹೋಗುವ ಗಲ್ಲಿಯಲ್ಲಿ ನಮ್ಮ ಮನೆಗೂ ಪೇಂಟರ್ ಬುರ್ಹಾನುದ್ದೀನರ ಮನೆಗೂ ಒಂದೇ ಗೋಡೆ. ಅವರ ಹೆಂಡತಿ ರಂಜಾನಬಿ ಮಧ್ಯಾಹ್ನ ಮೊರ ಹಿಡಿದು ಅಕ್ಕಿ ಆರಿಸಲು ನಮ್ಮ ಕಟ್ಟೆಗೆ ಬರುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಮುಗಿದರೂ ಅವಳ ಮಾತು ಮುಗಿಯುತ್ತಿರಲಿಲ್ಲ. ಈ ಕಥೆಯಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ಆ ಮೊರದ ಮುಂದೆ ಕೂತು ಕೇಳಿದ್ದು. ಮನೆಯೊಳಗೆ ಅವರ ಮಾತು ದಖನಿ. ರಂಜಾನಬಿ ನನಗೆ ಕನ್ನಡದಲ್ಲಿ ಹೇಳಿದಳು, ನಾನೂ ಹಾಗೇ ಬರೆಯುತ್ತಿದ್ದೇನೆ.

ಬುರ್ಹಾನುದ್ದೀನರು ಮೂಲತಃ ಮಾನ್ವಿಯವರು. ಅವರ ತಂದೆ ಬಂಡಿಯ ಹಲಗೆಗಳಿಗೆ ಹೂಬಳ್ಳಿ ಬರೆಯುತ್ತಿದ್ದರಂತೆ. ಮಗ ರಾಯಚೂರಿಗೆ ಬಂದು ಅಂಗಡಿ ಬೋರ್ಡು, ಬಸ್ಸಿನ ಬದಿ, ಮದುವೆ ಮನೆಯ ಗೋಡೆ, ಹತ್ತಿ ಮಿಲ್ಲಿನ ಹೆಸರು, ಹೀಗೆ ಕಂಡದ್ದನ್ನೆಲ್ಲ ಬರೆದರು. ಓದಲು ಬರುತ್ತಿದ್ದುದು ಉರ್ದು ಮತ್ತು ಕನ್ನಡ. ಆದರೆ ಇಂಗ್ಲಿಷ್, ತೆಲುಗು ಯಾವುದನ್ನೇ ಕೊಟ್ಟರೂ ನೋಡಿ ನೋಡಿ ಚಿತ್ರದ ಹಾಗೆ ಇಳಿಸುತ್ತಿದ್ದರು. ಏನು ಬರೆದಿದ್ದೀರಿ ಎಂದು ಕೇಳಿದರೆ, "ಬರೆಯೋದು ನನ್ನ ಕೆಲಸ, ಓದೋದು ನಿಮ್ಮ ಕೆಲಸ" ಎನ್ನುತ್ತಿದ್ದರು.

ಅವರದು ಕಾಗದ ಮಡಚಿ ಮಾಡುವ ಕೆಲಸ. ಹೂವಿನ ಕಮಾನು ಬರೆಯಬೇಕೆಂದರೆ ಇಡೀ ಕಮಾನು ಬರೆಯುತ್ತಿರಲಿಲ್ಲ. ದೊಡ್ಡ ಕಾಗದವನ್ನು ನಡುವೆ ಮಡಚಿ, ಮೇಲಿನ ಅರ್ಧದಲ್ಲಿ ಅರ್ಧ ಕಮಾನು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಎರಡೂ ಪದರಕ್ಕೆ ತೂತು ಬೀಳುವಂತೆ ಚುಚ್ಚುವರು. ಕಾಗದ ಬಿಡಿಸಿ ಗೋಡೆಗೆ ಹಚ್ಚಿ, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟನ್ನು ಅದರ ಮೇಲೆ ಬಡಿದರೆ ಸಾಕು. ಗೋಡೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಇಡೀ ಕಮಾನು ಎದ್ದು ನಿಲ್ಲುತ್ತಿತ್ತು. ಎಡದ ನವಿಲಿಗೂ ಬಲದ ನವಿಲಿಗೂ ಒಂದು ಗರಿಯ ವ್ಯತ್ಯಾಸ ಇರುತ್ತಿರಲಿಲ್ಲ.

ಮೂವತ್ತು ವರ್ಷ ಹೀಗೆ ಮಡಚಿ ಮಡಚಿ ಅವರಿಗೆ ಜೋಡಿಯ ಹುಚ್ಚು ಹಿಡಿದಿತ್ತು. ಮನೆಯ ಗೂಡಿನಲ್ಲಿ ಒಂದು ಲೋಟ ಇಟ್ಟರೆ ಆ ಕಡೆಗೂ ಒಂದು ಲೋಟ ಇಡಬೇಕು. ಮದುವೆಯಾದ ಹೊಸದರಲ್ಲಿ ರಂಜಾನಬಿಯ ಮೂಗುಬೊಟ್ಟು ಒಂದೇ ಕಡೆ ಇರುವುದು ನೋಡಿ, "ಇನ್ನೊಂದು ಕಡಿನೂ ಚುಚ್ಚಿಸ್ಕೋ, ಚಿತ್ರ ಪೂರಾ ಆಗ್ತದ" ಎಂದಿದ್ದರಂತೆ.

"ನಕ್ಕೋ, ಬ್ಯಾಡ. ನಾ ಬೋರ್ಡ್ ಅಲ್ಲ" ಎಂದಳಂತೆ ರಂಜಾನಬಿ.

ಎಲ್ಲ ಚೆನ್ನಾಗಿಯೇ ಇತ್ತು, ಎಂಬತ್ತಮೂರನೆಯ ಇಸವಿಯಲ್ಲಿ ಮಿಲ್ಲಿನ ಗೋಡೆಯ ಏಣಿ ಜಾರುವವರೆಗೆ. ಹೆಚ್ಚು ಎತ್ತರವೇನಲ್ಲ, ಮಣ್ಣಿನ ಮೇಲೆಯೇ ಬಿದ್ದರು. ಮೊಣಕಾಲಿಗೆ ಪೆಟ್ಟಾಯಿತು, ಮೂರು ತಿಂಗಳಿಗೆ ವಾಸಿಯೂ ಆಯಿತು. ವಾಸಿಯಾಗದೆ ಉಳಿದದ್ದು ಒಳಗಿನ ಹೆದರಿಕೆ. ಏಣಿಯ ಮೂರನೆಯ ಮೆಟ್ಟಿಲಿಗೆ ಕಾಲಿಟ್ಟರೆ ಊರು ಗರಗರ ತಿರುಗುತ್ತಿತ್ತು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಏಣಿ ಏರದ ಪೇಂಟರ್ ಎಂದು ಗೊತ್ತಾದರೆ ಯಾರು ಕರೆಯುತ್ತಾರೆ? ಎತ್ತರದ ಕೆಲಸ ಬಂದಾಗಲೆಲ್ಲ ಬಣ್ಣ ಇಲ್ಲ, ಬ್ರಶ್ ಇಲ್ಲ, ಇವತ್ತು ಗಾಳಿ ಜಾಸ್ತಿ ಎಂದು ತಪ್ಪಿಸಿಕೊಳ್ಳುತ್ತಿದ್ದರು.

ಅದೇ ಹೊತ್ತಿಗೆ ಶಕ್ತಿನಗರದಲ್ಲಿ ಕರೆಂಟು ಮಾಡುವ ದೊಡ್ಡ ಕಾರ್ಖಾನೆ ಏಳುತ್ತಿತ್ತು. ಅಲ್ಲಿನ ಯಮನೂರಪ್ಪ ಎಂಬ ಗುತ್ತಿಗೆದಾರನಿಗೆ ನೀರಿನ ಟಾಕಿಗಳ ಮೇಲೆ ನಂಬರು ಬರೆಸಬೇಕಿತ್ತು. ಟಾಕಿಗಳೋ ಮುಗಿಲಿನ ಹತ್ತಿರ. ವಾರಕ್ಕೊಮ್ಮೆ ಅವನ ಜೀಪು ಗಲ್ಲಿಯ ಬಾಯಿಗೆ ಬಂದು ನಿಲ್ಲುತ್ತಿತ್ತು.

"ಸಾಬ್ರ, ಯಾವಾಗ ಬರ್ತೀರಿ? ನಿಮ್ಮ ಕೈ ಅಕ್ಷರಾನೇ ಬೇಕು ನಮಗ. ಏಣಿ ನಾವ ಕೊಡ್ತೀವಿ, ಭಾರಿ ಉದ್ದಂದು!"

ಆ ಉದ್ದದ ಮಾತು ಕೇಳಿ ಬುರ್ಹಾನುದ್ದೀನರ ಮುಖ ಸುಣ್ಣದ ಹಾಗಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ದೇವರು ತೆರೆದಂತೆ ಒಂದು ಬಾಗಿಲು ತೆರೆಯಿತು. ಊರ ಅಂಚಿನಲ್ಲಿ ಹೊಸದಾಗಿ ಶುರುವಾಗಿದ್ದ ದಾದಿಯರ ತರಬೇತಿ ಕೇಂದ್ರದಿಂದ ನೀಲಗಂಗಮ್ಮ ಸಿಸ್ಟರ್ ಹೇಳಿಕಳಿಸಿದರು. ಅಲ್ಲಿ ಹುಡುಗಿಯರಿಗೆ ಪಾಠ ಹೇಳುವವರು ಅವರೇ. ಬಿಳಿ ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು, ನಕ್ಕರೆ ಮಾತ್ರ ಕಾಣುವ ಒಂದು ಬಂಗಾರದ ಹಲ್ಲು. ಅವರಿಗೆ ದೇಹದ ಒಳಭಾಗಗಳ ಹನ್ನೆರಡು ಚಿತ್ರಗಳು ದೊಡ್ಡ ಬಟ್ಟೆಯ ಮೇಲೆ ಬೇಕಾಗಿದ್ದವು.

"ಮೊದಲ ಇದೊಂದು ಮಾಡ್ರಿ ಸಾಬ್ರ" ಎಂದು ಇಂಗ್ಲಿಷ್ ಪುಸ್ತಕದ ಒಂದು ಪುಟ ತೆರೆದರು. "ಎದಿಗೂಡಿನ ನರದ ಚಿತ್ರ. ಹಳೇದು ಗೆದ್ದಲ ತಿಂದದ. ಮುಂದಿನ ತಿಂಗಳ ತಪಾಸಣಿಗೆ ಬರ್ತಾರ. ಅವರು ಒಪ್ಪಿದ್ರ ಉಳಿದ ಹನ್ನೊಂದೂ ನಿಮಗ. ಒಪ್ಪದಿದ್ರ ನಾ ಬ್ಯಾರೆ ಯಾರನ್ನಾರ ನೋಡ್ಬೇಕಾಗ್ತದ."

ಹನ್ನೆರಡು ಚಿತ್ರ. ಮನೆಯಲ್ಲಿ, ಚಾಪೆಯ ಮೇಲೆ, ಕೂತುಕೊಂಡು. ಬುರ್ಹಾನುದ್ದೀನರು ಆ ಪುಸ್ತಕವನ್ನು ಎದೆಗವಚಿಕೊಂಡು ಮನೆಗೆ ಬಂದದ್ದನ್ನು ನಾನೇ ನೋಡಿದ್ದೇನೆ.

ಪುಸ್ತಕದ ಚಿತ್ರದಲ್ಲಿ ಒಬ್ಬ ಮನುಷ್ಯ ನಮ್ಮ ಕಡೆ ಮುಖ ಮಾಡಿ ನಿಂತಿದ್ದ. ಎದೆಯ ಮುಂಭಾಗ, ಶ್ವಾಸಕೋಶ, ಹೃದಯ ಎಲ್ಲ ತೆಗೆದು ಹಿಂದಿನ ಗೋಡೆಯನ್ನು ಮಾತ್ರ ತೋರಿಸಿದ್ದರು. ನಡುವೆ ಬೆನ್ನುಮೂಳೆ, ಎರಡೂ ಕಡೆ ಹನ್ನೆರಡು ಹನ್ನೆರಡು ಪಕ್ಕೆಲುಬು, ಪಕ್ಕೆಲುಬುಗಳ ಸಂದಿಯಲ್ಲಿ ರಕ್ತ ಹರಿಯುವ ನೀಲಿ ನರಗಳು. ಮಡಚುವ ಕೈಗೆ ಇದಕ್ಕಿಂತ ಹೇಳಿ ಮಾಡಿಸಿದ ಚಿತ್ರ ಇನ್ನೊಂದಿಲ್ಲ.

ಒಂದೇ ಒಂದು ಕಡೆ ಅವರಿಗೆ ಕಿರಿಕಿರಿಯಾಯಿತು. ಆ ಮನುಷ್ಯನ ಬಲಗಡೆ, ಬೆನ್ನುಮೂಳೆಯ ಪಕ್ಕದಲ್ಲಿ, ಒಂದು ದಪ್ಪ ನೀಲಿ ನರ ಕೆಳಗಿನಿಂದ ಮೇಲಕ್ಕೆ ಹೋಗಿ ಕೊಡೆಯ ಹಿಡಿಯಂತೆ ಬಾಗಿತ್ತು. ಎಡಗಡೆ ಮಾತ್ರ ಅಂಥದ್ದು ಇರಲಿಲ್ಲ. ಅಲ್ಲಿ ಎರಡು ಸಣಕಲು ತುಂಡುಗಳು, ಅವೂ ನಡುವಿನಲ್ಲಿ ಬೆನ್ನುಮೂಳೆ ದಾಟಿ ಬಲಕ್ಕೆ ಓಡಿದ್ದವು.

"ನೋಡು ರಂಜಾನಾ, ಛಾಪಖಾನಿಯವರ ಹಣೆಬರಾ" ಎಂದರು. "ಈ ಕಡಿಗಿ ಶಾಯಿ ಕಮ್ಮಿ ಬಿದ್ದದ. ಪಾಪ, ಅವರೂ ಮನುಷ್ಯಾರೇ."

ಅವರನ್ನು ಕ್ಷಮಿಸಿ, ಕಾಗದ ಮಡಚಿ, ಬಲ ಅರ್ಧವನ್ನು ಮಾತ್ರ ಬರೆದು, ಸೂಜಿ ಚುಚ್ಚಿ, ಬಟ್ಟೆಯ ಮೇಲೆ ಇದ್ದಿಲ ಗಂಟು ಬಡಿದರು. ವಾರ ಕಳೆಯುವಷ್ಟರಲ್ಲಿ ಎದೆಗೂಡು ಸಿದ್ಧವಾಯಿತು. ಎರಡು ದಪ್ಪ ನೀಲಿ ನರಗಳು ಎರಡು ನವಿಲುಗಳ ಹಾಗೆ ಕೊರಳು ಬಾಗಿಸಿ ಎದುರುಬದುರು ನಿಂತಿದ್ದವು. ಅಂಥ ಅಂದದ ಎದೆ ನಾನು ನೋಡಿರಲಿಲ್ಲ.

ನೀಲಗಂಗಮ್ಮ ಸಿಸ್ಟರ್ ಕೂಡ ನೋಡಿರಲಿಲ್ಲ.

"ಇದೇನ್ರಿ ಸಾಬ್ರ, ಎರಡು?"

"ಹೌದ್ರಿ ಸಿಸ್ಟರಮ್ಮಾ. ನಿಮ್ಮ ಬುಕ್ಕಿನಾಗ ಒಂದು ಬಿಟ್ಟಿದ್ರು. ನಾ ಹಾಕೀನಿ."

ಸಿಸ್ಟರ್ ಕುರ್ಚಿಯಲ್ಲಿ ಕೂತುಬಿಟ್ಟರು. "ಬಿಟ್ಟಿಲ್ರಿ. ಇರೋದೇ ಒಂದು. ಪಕ್ಕೆಲುಬಿನಾಗ ಕೆಲಸಾ ಮುಗಿಸಿದ ರಕ್ತ ವಾಪಸ್ ಹೃದಯಕ್ಕ ಹೋಗಬೇಕಲ್ರಿ? ಬಲಗಡಿ ಸಣ್ಣ ಸಣ್ಣ ನರ ಹಳ್ಳದಂಗ ಹರದು ಸೀದಾ ಈ ದೊಡ್ಡದಕ್ಕ ಕೂಡ್ತಾವ. ಎಡಗಡಿವು ಅಲ್ಲೇ ಒಂದೀಟು ಕೂಡಿ, ಬೆನ್ನಮೂಳಿ ದಾಟಿ ಬಂದು ಇದಕ್ಕ ಸೇರ್ತಾವ. ಅಜೈಗಸ್ ಅಂತ ಇದರ ಹೆಸರು. ಹಂಗಂದ್ರ ಜೋಡಿ ಇಲ್ಲದ್ದು ಅಂತ ಅರ್ಥ!"

"ಜೋಡಿ ಇಲ್ಲದ್ದು?" ಬುರ್ಹಾನುದ್ದೀನರಿಗೆ ಆ ನರದ ಮೇಲೆ ಕನಿಕರ ಬಂದಂತಿತ್ತು. "ಕಣ್ಣು ಎರಡದಾವ. ಕಿವಿ ಎರಡದಾವ. ಕೈಕಾಲು ಎರಡೆರಡದಾವ. ಇದಕ್ಕೊಂದಕ್ಕ ಯಾಕ್ರಿ ಮೋಸ?"

"ಅದನ್ನ ಮಾಡಿದಾತನ್ನ ಕೇಳ್ರಿ. ನನಗ ಒಂದ ಬೇಕು. ತಪಾಸಣಿಗೆ ಹದಿನೈದ ದಿನ ಉಳದದ."

ಬುರ್ಹಾನುದ್ದೀನರು ಚಿತ್ರ ಸುತ್ತಿಕೊಂಡು ಮನೆಗೆ ಬಂದರು. ಆ ದಿನ ಊಟ ಸೇರಲಿಲ್ಲ. ಗೋಡೆಗೆ ಚಿತ್ರ ಒರಗಿಸಿ ಅದರ ಮುಂದೆ ಕೂತೇ ಇದ್ದರು.

"ಅಜೀ, ಒಂದು ಅಳಿಸಿದ್ರ ಆತಲ್ಲ" ಎಂದಳು ರಂಜಾನಬಿ.

"ಅಳಿಸೋದು ದೊಡ್ಡದಲ್ಲ. ಖರೆ ಯಾವುದು ಅಂತ ಗೊತ್ತಾಗ್ಬೇಕು. ಆ ಸಿಸ್ಟರಮ್ಮ ಬುಕ್ಕು ನೋಡಿ ಹೇಳ್ತಾಳ. ಬುಕ್ಕು ಛಾಪಖಾನಿ ಮಾಡ್ತದ. ಛಾಪಖಾನಿ ಹಣೆಬರಾ ನನಗ ಗೊತ್ತಿಲ್ಲೇನು? ಎರಡೂ ಕಡಿ ಸಮ ಇರ್ಲಿಕ್ಕೇಬೇಕು."

"ನಿಮ್ಮ ಮೂಗು ಒಂದ ಅದ."

"ಅದು ನಡುವ ಅದ. ಮಡಚಿದ್ರ ಸಮ ಬರ್ತದ."

"ಹೃದಯ?"

"ಅದು ಹೊರಗ ಕಾಣ್ಸಂಗಿಲ್ಲ."

ರಂಜಾನಬಿ ಮೊರ ಕೆಳಗಿಟ್ಟಳಂತೆ. "ಅಲ್ಲಾ ಏನು ಕಾಗದ ಮಡಚಿ ಮನುಷ್ಯಾನ್ನ ಮಾಡ್ಯಾನೇನ್ರಿ, ಸೂಜಿ ಚುಚ್ಚಿ?"

ಈ ಮಾತನ್ನು ಕಟ್ಟೆಯ ಮೇಲೆ ನನಗೆ ಹೇಳಿ ಅವಳು ನಕ್ಕಳು. ನಾನೂ ನಕ್ಕೆ. ಆದರೆ ಆ ಸಂಜೆ ದೀಪ ಹಚ್ಚಿ ಕೈಮುಗಿಯುವಾಗ ನನ್ನ ಎರಡು ಅಂಗೈಯ ಗೆರೆಗಳನ್ನು ಕೂಡಿಸಿ ನೋಡಿದೆ. ಒಂದಕ್ಕೊಂದು ಕೂಡುವುದಿಲ್ಲ.

ಬುರ್ಹಾನುದ್ದೀನರು ಹೆಂಡತಿಯ ಮಾತಿಗೆ ಉತ್ತರ ಹುಡುಕಿಕೊಂಡು ದೇವದುರ್ಗದ ಬಸ್ಸು ಹತ್ತಿದರು. ಅಲ್ಲಿ ರಂಜಾನಬಿಯ ತಮ್ಮ ಮಹಮ್ಮದ್ ಹುಸೇನನ ಮಟನ್ ಅಂಗಡಿ. ಎದೆಯ ಒಳಗನ್ನು ದಿನವೂ ಕಣ್ಣಾರೆ ನೋಡುವವನು ಇಡೀ ಬಳಗದಲ್ಲಿ ಅವನೊಬ್ಬನೇ.

ಅಂದು ಸಂತೆಯ ದಿನ. ಭಾವ ಬಂದು ವಿಷಯ ಹೇಳಿದ್ದೇ ತಡ ಮಹಮ್ಮದ್ ಹುಸೇನ ಹೊಟ್ಟೆ ಹಿಡಿದು ನಕ್ಕ.

"ದುಲ್ಲಾಭಾಯಿ, ಇಪ್ಪತ್ತು ವರ್ಷ ಆತು ಕೊಯ್ಯಾಕ ಹತ್ತಿ. ನರ ಎಣಿಸಿ ಕೊಡ್ರಿ ಅಂತ ಒಬ್ಬ ಗಿರಾಕಿನೂ ಕೇಳಿಲ್ಲ."

"ಇವತ್ತು ನಾ ಕೇಳಾಕತ್ತೀನಿ. ಕೊಯ್ಯೋಕಿಂತ ಮೊದಲ ಒಂದು ಕೆಲಸ ಅದ" ಎಂದು ಬುರ್ಹಾನುದ್ದೀನರು ಜೇಬಿನಿಂದ ಒಂದು ಕೆಂಪು ದಾರ ತೆಗೆದರು. ತಲೆಕೆಳಗಾಗಿ ತೂಗುಹಾಕಿದ ಮೇಲೆ ಎಡ ಯಾವುದು, ಬಲ ಯಾವುದು ಎಂದು ಗಲಿಬಿಲಿಯಾಗುತ್ತದೆ ಎಂಬುದನ್ನು ಅವರು ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದರು. ಜೀವಂತ ನಿಂತ ಕುರಿಯ ಎಡ ಹಿಂಗಾಲಿಗೆ ದಾರ ಕಟ್ಟಿದರು. ಆ ಕಡೆ ಎಡ. ಇನ್ನು ಕುರಿ ಹೇಗೆ ತಿರುಗಿದರೂ ಸುಳ್ಳು ಹೇಳುವಂತಿಲ್ಲ.

ಅಷ್ಟರಲ್ಲಿ ಆ ಕುರಿಯನ್ನು ಮಾರಿದ್ದ ಗದ್ದೆಪ್ಪ, ಹಳ್ಳಿಯಿಂದ ಕುರಿ ಹೊಡೆದುಕೊಂಡು ಬರುವ ಮುದುಕ, ಕಂಬಳಿ ಹೊದ್ದು ಅಂಗಡಿಯ ಮುಂದೆ ಹಾದುಹೋದ. ಕುರಿಯ ಕಾಲು ನೋಡಿ ನಿಂತ.

"ಸಾಬ್ರ, ಇದು ಹರಕಿ ಕುರಿ ಏನ್ರಿ?"

"ಅಲ್ಲೋ ಯಪ್ಪಾ, ಗುರುತಿಗೆ ಕಟ್ಯಾರ" ಎಂದ ಮಹಮ್ಮದ್ ಹುಸೇನ.

"ಗುರುತಿಗೆ ಅಂದ್ರ ಹರಕಿಗೇ ಅಲ್ಲೇನ್ರಿ. ನನ್ನ ಕುರಿ ದೇವರಿಗೆ ಸಂದಿತಲ್ಲ, ಚಲೋ ಆತು ಬಿಡ್ರಿ" ಎಂದು ಗದ್ದೆಪ್ಪ ಎರಡೂ ಕೈ ಮುಗಿದು ಸಂತೆಯೊಳಗೆ ಹೋದ. ಹೋದವನು ಸುಮ್ಮನೆ ಹೋಗಲಿಲ್ಲ. ಮೆಣಸಿನಕಾಯಿ ಸಾಲಿನಲ್ಲಿ ಹೇಳಿದ, ಬಳೆಗಾರರ ಸಾಲಿನಲ್ಲಿ ಹೇಳಿದ, ರೊಟ್ಟಿ ಬುತ್ತಿ ಬಿಚ್ಚಿ ಕೂತವರಿಗೂ ಹೇಳಿದ. ದರ್ಗಾಕ್ಕೆ ಹರಕೆ ಹೊತ್ತ ಕುರಿಯ ಮಾಂಸವನ್ನು ಅಲ್ಲಿ ಯಾರೂ ತೂಗಿ ಮಾರುವುದಿಲ್ಲ, ಎಲ್ಲರಿಗೂ ಹಂಚುತ್ತಾರೆ.

ಒಳಗೆ ಭಾವ ಮೈದುನ ಇಬ್ಬರೂ ಕುರಿಯ ಎದೆಯೊಳಗೆ ತಲೆ ಹಾಕಿದ್ದರು.

"ನಿಧಾನ ತೆಗಿ... ನಿಧಾನ... ಹಾಂ! ಅಲ್ಲಿ!"

ಬೆನ್ನುಮೂಳೆಯ ಪಕ್ಕದಲ್ಲಿ ಕಪ್ಪುಗೆಂಪು ನರವೊಂದು ಮಲಗಿತ್ತು. ಪಕ್ಕೆಲುಬುಗಳ ಸಣ್ಣ ನರಗಳೆಲ್ಲ ಬಂದು ಅದಕ್ಕೇ ಕೂಡಿದ್ದವು. ಒಂದೇ ಇತ್ತು. ಬುರ್ಹಾನುದ್ದೀನರು ಆ ಕಡೆ ಹುಡುಕಿದರು, ಈ ಕಡೆ ಹುಡುಕಿದರು, ಬೆರಳು ಹಾಕಿ ತಡವಿದರು. ಜೋಡಿ ಇಲ್ಲ.

"ಸಿಸ್ಟರಮ್ಮ ಗೆದ್ದಳು" ಎಂದರು ಸೋತ ದನಿಯಲ್ಲಿ. ಆಮೇಲೆ ಕಾಲಿನ ದಾರ ನೋಡಿದರು. ನರ ನೋಡಿದರು. ಮತ್ತೆ ದಾರ ನೋಡಿದರು. ಕಣ್ಣು ಅರಳಿದವು. "ಹುಸೇನಾ! ಇದು ದಾರದ ಕಡಿ ಅದ! ಎಡಕ್ಕದ! ಬುಕ್ಕಿನಾಗ ಬಲಕ್ಕ ಛಾಪ್ಯಾರ. ಉಲ್ಟಾ ಛಾಪ್ಯಾರ! ನಾ ಹೇಳಲಿಲ್ಲ?"

ಮಹಮ್ಮದ್ ಹುಸೇನನಿಗೆ ಉತ್ತರಿಸಲು ಪುರಸೊತ್ತಾಗಲಿಲ್ಲ. ತಲೆ ಎತ್ತಿದರೆ ಅಂಗಡಿಯ ಮುಂದೆ ಮೂವತ್ತು ಜನ ಬೋಗುಣಿ, ಡಬ್ಬಿ, ಮುತ್ತುಗದ ಎಲೆ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರ ಮುಂದೆ ಗದ್ದೆಪ್ಪ.

"ನನಗ ಒಂದೀಟ ಸಾಕ್ರಿ. ಪರಸಾದ ಅಲ್ರಿ."

ಆ ಮಂದಿಯ ಮುಖದ ಭಕ್ತಿ ನೋಡಿ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕತ್ತಿ ಹಿಡಿದು ಹಂಚತೊಡಗಿದ. ಹಂಚುತ್ತ ಹಂಚುತ್ತ ಅಂದ: "ದುಲ್ಲಾಭಾಯಿ, ಮುಂದಿನ ಸಲ ನಿಮಗ ಮನುಷ್ಯಾನ್ ನರದಾಗ ಸಂಶಯ ಬಂತಂದ್ರ ಮೀನು ಮಾರೋರ ಹತ್ರ ಹೋಗ್ರಿ."

ಬುರ್ಹಾನುದ್ದೀನರು ಕೊನೆಯ ಬಸ್ಸಿಗೆ ಕಾಯದೆ ಹೊರಟುಬಂದರು. ಈಗ ಕೆಲಸ ಸುಲಭವಿತ್ತು. ಚಿತ್ರದಲ್ಲಿ ಎರಡು ನರಗಳಿದ್ದವು, ಒಂದನ್ನು ಅಳಿಸಬೇಕು. ಅಳಿಸಿದರು. ಕಣ್ಣಾರೆ ಕಂಡ ಸತ್ಯದ ಬಲದಿಂದ, ಸರಿಯಾಗಿದ್ದ ಬಲಗಡೆಯದನ್ನೇ ಅಳಿಸಿದರು. ಎಡಗಡೆಯದನ್ನು ಉಳಿಸಿ, ಇನ್ನೊಂದು ಕೈ ನೀಲಿ ಬಣ್ಣ ಕೊಟ್ಟು ಮಿಂಚಿಸಿದರು. ಸಿಸ್ಟರಿಗೆ ಮೊದಲೇ ಹೇಳಲಿಲ್ಲ. ತಪಾಸಣೆಗೆ ಬಂದ ದೊಡ್ಡವರೇ ನೋಡಿ ಬುಕ್ಕಿನ ತಪ್ಪು ಹಿಡಿಯಲಿ ಎಂಬುದು ಅವರ ಆಸೆ.

ತಪಾಸಣೆಯ ಬೆಳಿಗ್ಗೆ ಚಿತ್ರ ಒಯ್ದು ಕೊಟ್ಟಾಗ ನೀಲಗಂಗಮ್ಮ ಸಿಸ್ಟರ್ ನೆಲ ಒರೆಸಿದವಳನ್ನು ಬೈಯುತ್ತಿದ್ದರು. ಚಿತ್ರವನ್ನು ಅರೆಗಳಿಗೆ ಬಿಚ್ಚಿ ನೋಡಿದರು. ಎಣಿಸಿದರು. ಒಂದು.

"ಅಂತೂ ಒಂದ ಆತು. ನೆಟ್ಟಗ ಹಾಕ್ಸ್ರಿ" ಎಂದು ಅತ್ತ ಓಡಿದರು. ಗೋಡೆಯ ಮೇಲ್ತುದಿಗೆ ಹೊಡೆದಿದ್ದ ಮೊಳೆಗೆ ಜವಾನ ಚಿತ್ರ ತೂಗುಹಾಕಿದ. ಬುರ್ಹಾನುದ್ದೀನರು ಬಣ್ಣದ ಪೆಟ್ಟಿಗೆ ಸಮೇತ ಎದುರಿನ ಚಹಾದಂಗಡಿಯಲ್ಲಿ ಹೋಗಿ ಕೂತರು. ಹೊಗಳಿಕೆ ಬಂದರೆ ದೂರ ನಡೆಯಬೇಕಾಗಬಾರದು ನೋಡಿ.

ಗುಲ್ಬರ್ಗಾ ಕಡೆಯಿಂದ ಬಂದ ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಹಾಜರಿ ಪುಸ್ತಕ ನೋಡಿದರು, ಔಷಧಿ ಕಪಾಟು ನೋಡಿದರು, ಪಾಠದ ಕೋಣೆಗೆ ಬಂದರು. ಚಿತ್ರವನ್ನು ಮೆಚ್ಚಿಕೊಂಡು ನೋಡಿ, ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿದರು. ಅವಳು ಮಾನ್ವಿ ತಾಲೂಕಿನ ಚೀಕಲಪರ್ವಿಯ ದುರುಗಮ್ಮ. ಸುಳ್ಳು ಹೇಳಲು ಬಾರದ ಹುಡುಗಿ.

"ಅಜೈಗಸ್ ಎಲ್ಲದ, ತೋರ್ಸು."

ದುರುಗಮ್ಮ ಕೋಲು ತೆಗೆದುಕೊಂಡಳು. ಪಾಠ ಅವಳಿಗೆ ಬಾಯಿಪಾಠ. ಚಿತ್ರದಲ್ಲಿರುವವನು ನಮ್ಮ ಎದುರಿಗೆ ನಿಂತಿದ್ದಾನೆ, ಆದ್ದರಿಂದ ಅವನ ಬಲ ಎಂದರೆ ನಮ್ಮ ಎಡಗೈ ಕಡೆ ಎಂಬುದೂ ಗೊತ್ತಿತ್ತು. ಆ ಕಡೆ ಕೋಲು ಇಟ್ಟಳು. ಅಲ್ಲಿ ಬರೀ ಎಲುಬು.

"ಇಲ್ಲಿ ಇರ್ತದ್ರಿ" ಎಂದಳು.

"ಎಲ್ಲಿ?"

"ಇಲ್ಲೇ ಇರಬೇಕ್ರಿ. ಈಗ ಆ ಕಡಿಗೆ ಹೋಗ್ಯದ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನೀಲಗಂಗಮ್ಮ ಸಿಸ್ಟರ್ ಚಿತ್ರದ ಹತ್ತಿರ ಬಂದು ನೋಡಿ, ಕಣ್ಣು ಮುಚ್ಚಿಕೊಂಡು, "ಶಿವನೇ" ಎಂದರು. ಜವಾನ ಚಹಾದಂಗಡಿಗೆ ಓಡಿದ.

ಬುರ್ಹಾನುದ್ದೀನರು ಟೋಪಿ ಸರಿಪಡಿಸಿಕೊಂಡು, ಎದೆ ಸೆಟೆಸಿ ಒಳಗೆ ಬಂದರು. ಡಾಕ್ಟರಮ್ಮ ಕೇಳುವ ಮೊದಲೇ ಶುರುಮಾಡಿದರು.

"ನೀವು ಬರೋದ ಕಾಯಾಕತ್ತಿದ್ದೆ ಅಮ್ಮಾರ. ಬುಕ್ಕು ತಪ್ಪದರೀ. ನಾ ದೇವದುರ್ಗದಾಗ ಕಣ್ಣಾರೆ ನೋಡೀನಿ. ಕಾಲಿಗೆ ಕೆಂಪು ದಾರ ಕಟ್ಟಿ ನೋಡೀನಿ. ಎಡಕ್ಕೇ ಅದ."

"ಯಾರ ಕಾಲಿಗೆ?"

"ಕುರಿದ್ರಿ."

ಕೋಣೆಯಲ್ಲಿದ್ದ ನಲವತ್ತು ಹುಡುಗಿಯರೂ ಒಟ್ಟಿಗೆ ನಕ್ಕರು. ನಗದೆ ಇದ್ದವರು ಮೂವರೇ: ಸಿಸ್ಟರ್, ಪೇಂಟರ್, ಡಾಕ್ಟರಮ್ಮ.

"ನಗಬ್ಯಾಡ್ರಿ" ಎಂದರು ಡಾಕ್ಟರಮ್ಮ. "ಅವರು ನೋಡಿದ್ದು ಖರೆ. ನಮ್ಮಪ್ಪ ದನದ ಡಾಕ್ಟರ್ ಇದ್ರು. ಕುರಿಗೆ ಆ ನರ ಎಡಕ್ಕೇ ಇರ್ತದ, ಮನುಷ್ಯಾಗ ಬಲಕ್ಕ. ಸಾಬ್ರ, ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ. ಆದ್ರ ಇಲ್ಲಿ ಹುಡುಗ್ಯಾರು ಕುರಿಗೆ ಸೂಜಿ ಮಾಡಂಗಿಲ್ಲ." ಸಿಸ್ಟರ್ ಕಡೆ ತಿರುಗಿದರು. "ಈ ಚಿತ್ರ ಇಟ್ಕೊಂಡು ಹ್ಯಾಂಗ ಬರೀಲಿ ನಾ, ಎಲ್ಲಾ ಸರಿ ಅದ ಅಂತ?"

ಬುರ್ಹಾನುದ್ದೀನರ ಎದೆ ಇಳಿಯಿತು. ಕಣ್ಣ ಮುಂದೆ ಹನ್ನೊಂದು ಬಟ್ಟೆ ಸುತ್ತಿಕೊಂಡು ಹೋದವು, ಶಕ್ತಿನಗರದ ಟಾಕಿ ಮುಗಿಲೆತ್ತರ ಎದ್ದು ನಿಂತಿತು.

"ತಪ್ಪು ಸಿಸ್ಟರಮ್ಮಂದಲ್ರಿ" ಎಂದರು. "ನಂದು. ನಾ ಚಿತ್ರ ಅರ್ಧ ನೋಡಿದೆ. ಅರ್ಧ ಬರದು ಕಾಗದ ಮಡಚಿದೆ. ಆಮ್ಯಾಲೆ ಮಡಚಿದ್ದು ಖರೆ ಮಾಡ್ಲಿಕ್ಕೆ ಕುರಿ ಹತ್ರ ಹೋದೆ."

ಡಾಕ್ಟರಮ್ಮ ಅವರ ಮುಖವನ್ನೇ ನೋಡಿದರು. "ಸರಿ ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕು?"

"ಊಟ ಮುಗಿಸಿ ಬರ್ರಿ, ಆಗಿರ್ತದ."

"ಹಂಗಾದ್ರ ಮಾಡ್ರಿ. ಊಟಾ ಆದಮ್ಯಾಲೆ ನೋಡಿ ಬರೀತೀನಿ."

ಜವಾನ ಏಣಿ ತಂದು ಗೋಡೆಗೆ ಒರಗಿಸಿದ. ಚಿತ್ರ ಮೇಲ್ತುದಿಯಲ್ಲಿತ್ತು. ಬುರ್ಹಾನುದ್ದೀನರು ಬ್ರಶ್ ಹಿಡಿದು ಏಣಿಯ ಹತ್ತಿರ ಹೋದರು. ಮೊದಲನೆಯ ಮೆಟ್ಟಿಲು. ಎರಡನೆಯದು. ಅಲ್ಲೇ ನಿಂತರು. ಎಲ್ಲರೂ ನೋಡುತ್ತಿದ್ದರು. ಎರಡು ವರ್ಷ ಗಾಳಿ, ಬಣ್ಣ, ಬ್ರಶ್ ಎಂದು ಹೇಳಿಕೊಂಡು ಬಂದ ನೆಪಗಳಲ್ಲಿ ಒಂದೂ ಆ ಹೊತ್ತಿಗೆ ನೆನಪಾಗಲಿಲ್ಲ. ಕೆಳಗಿಳಿದರು.

"ಏಣಿ ಬ್ಯಾಡ್ರಿ. ನನಗ ಏರಾಕ ಆಗಂಗಿಲ್ಲ. ಬಿದ್ದಾಗಿಂದ ಹೆದರಿಕಿ ಅದ."

"ಅಷ್ಟೇ ಏನ್ರಿ ಅಣ್ಣಾರ?" ಎಂದಳು ದುರುಗಮ್ಮ. ಸೀರೆಯ ಸೆರಗು ಸಿಕ್ಕಿಸಿ ಬೆಂಚಿನ ಮೇಲೆ ಬೆಂಚು ಏರಿಸಿ ಹತ್ತಿ, ಚಿತ್ರವನ್ನು ತೆಗೆದು ನೆಲದ ಮೇಲೆ ಹಾಸಿಬಿಟ್ಟಳು. ಎರಡು ವರ್ಷದ ಗುಟ್ಟು ಇಷ್ಟು ಹಗುರವಾಗಿ ಇಳಿಯಬಹುದು ಎಂದು ಅವರಿಗೆ ಗೊತ್ತಿರಲಿಲ್ಲ.

ಬುರ್ಹಾನುದ್ದೀನರು ಚಕ್ಕಳಮಕ್ಕಳ ಹಾಕಿ ಕೂತರು. ಪಕ್ಕದಲ್ಲಿ ಪುಸ್ತಕ. ಈ ಸಲ ಕಾಗದ ಇಲ್ಲ, ಸೂಜಿ ಇಲ್ಲ, ಇದ್ದಿಲ ಗಂಟಿಲ್ಲ. ಎಡದ ದೊಡ್ಡ ನರ ಅಳಿಸಿ, ಪುಸ್ತಕದ ಚಿತ್ರದ ಎಡ ಬಲ ಎರಡನ್ನೂ ನೋಡಿ ನೋಡಿ ಬರೆದರು. ಬಲಕ್ಕೆ ದೊಡ್ಡ ನರ ಎದ್ದು ಬಾಗಿತು. ಎಡದ ಸಣಕಲು ನರಗಳು ಮೇಲಿನಿಂದ ಒಂದು, ಕೆಳಗಿನಿಂದ ಒಂದು ಬಂದು, ಬೆನ್ನುಮೂಳೆ ದಾಟಿ ಅದಕ್ಕೆ ಕೂಡಿದವು. ಹುಡುಗಿಯರು ಸುತ್ತ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಒಂದೊಂದು ನರ ಕೂಡಿದಾಗಲೂ ಅದರ ಹೆಸರು ಕೂಗುತ್ತಿದ್ದರು. ಆ ವರ್ಷದ ಪರೀಕ್ಷೆಯಲ್ಲಿ ಆ ಒಂದು ಪ್ರಶ್ನೆಯನ್ನು ಯಾರೂ ತಪ್ಪು ಮಾಡಲಿಲ್ಲ ಎಂದು ನೀಲಗಂಗಮ್ಮ ಸಿಸ್ಟರ್ ಆಮೇಲೆ ನನಗೆ ಹೇಳಿದರು.

ಡಾಕ್ಟರಮ್ಮ ಊಟ ಮುಗಿಸಿ ಬಂದು, ಒದ್ದೆ ಬಣ್ಣದ ಮೇಲೆ ಬಾಗಿ ಬಹಳ ಹೊತ್ತು ನೋಡಿದರು.

"ಬುಕ್ಕಿಗಿಂತ ಚಲೋ ಬಂದದ" ಎಂದು ಪೆನ್ನು ತೆಗೆದರು. "ಉಳಿದ ಚಿತ್ರಾನೂ ಇವರ ಕೈಲೇ ಮಾಡಿಸ್ರಿ ಸಿಸ್ಟರ್."

ನಾಲ್ಕು ದಿನ ಕಳೆದು ಯಮನೂರಪ್ಪನ ಜೀಪು ಗಲ್ಲಿಗೆ ಬಂತು. ಅವನು ಬಿಳಿ ಅಂಗಿ ತೊಟ್ಟು, ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದ. ನಾನೂ ರಂಜಾನಬಿಯೂ ಕಟ್ಟೆಯ ಮೇಲೆ ಇದ್ದೆವು. ಬುರ್ಹಾನುದ್ದೀನರು ಚಾಪೆಯ ಮೇಲೆ ಎರಡನೆಯ ಚಿತ್ರಕ್ಕೆ ಕೂತಿದ್ದರು.

"ಸಾಬ್ರ, ಇವತ್ತರ ಬರ್ತೀರಿ ಏನ್ರಿ? ಏಣಿ ಹಚ್ಚೇ ಇಟ್ಟೀನಿ."

"ಬರಂಗಿಲ್ಲ ಯಮನೂರಪ್ಪ. ಏಣಿ ಕಂಡ್ರ ನನಗ ತಲಿ ತಿರುಗ್ತದ. ಮೊದಲ ಹೇಳಬೇಕಿತ್ತು, ಮರ್ಯಾದಿ ಹೋಗ್ತದಂತ ಹೇಳಿರ್ಲಿಲ್ಲ."

ಯಮನೂರಪ್ಪ ಬೆಪ್ಪಾದ. "ಹಂಗಾದ್ರ ಈಗ ಏನ್ ಮಾಡಾಕತ್ತೀರಿ ಇಲ್ಲಿ? ಇದೇನಿದು ಎಲುಬು, ನರ?"

ಬುರ್ಹಾನುದ್ದೀನರು ಬ್ರಶ್ ಕೈಯಲ್ಲೇ ಹಿಡಿದು ಎದ್ದರು. "ಬರ್ರಿ, ಹಿಂಗ ನಿಂದರ್ರಿ. ನನ್ನ ಕಡಿ ಮುಖ ಮಾಡ್ರಿ. ನೋಡ್ರಿ, ನಿಮ್ಮ ಬಲ ಅಂದ್ರ ನನ್ನ ಎಡಗೈ. ಪಕ್ಕೆಲುಬಿನ ಸಂದಿನಾಗ ಹಳ್ಳದಂಗ ಸಣ್ಣ ನರ ಹರೀತಾವ. ಎಡಗಡಿವು ಬೆನ್ನಮೂಳಿ ದಾಟಿ ಬರ್ತಾವ. ಎಲ್ಲಾ ಇಲ್ಲಿಗೆ ಬಂದು ಕೂಡ್ತಾವ. ಜೋಡಿ ಇಲ್ಲದ ನರ ರೀ ಇದು, ಬಲಕ್ಕ ಒಂದೇ ಅದ. ಕುರಿಗಾದ್ರ ಎಡಕ್ಕ. ನೀವು ಕುರಿ ಅಲ್ಲ, ಅದಕ್ಕ ನಿಮಗ ಇಲ್ಲಿ, ಇಲ್ಲಿಂದ ಹಿಂಗ ಮ್ಯಾಲಕ್ಕ ಹೋಗಿ, ಹಿಂಗ ಬಾಗಿ..."

ಯಮನೂರಪ್ಪ ಉಸಿರು ಬಿಗಿಹಿಡಿದು ಕೇಳಿದ. ಅವನು ಜೀಪು ಹತ್ತಿ ಹೋಗುವಾಗ ರಂಜಾನಬಿ ಸೆರಗು ಬಾಯಿಗೆ ತುರುಕಿಕೊಂಡು ನನ್ನನ್ನು ತಿವಿದಳು. ಅವನ ಬಿಳಿ ಅಂಗಿಯ ಬಲಗಡೆ, ಜೇಬಿನ ಎದುರು ಬದಿಯಲ್ಲಿ, ಕೊಡೆಯ ಹಿಡಿಯಂತೆ ಬಾಗಿದ ಹಸಿ ನೀಲಿ ಗೆರೆಯೊಂದು ಹೊಳೆಯುತ್ತಿತ್ತು.